ರೀಲ್ ಇಲ್ಲದ ಗಾಳದ ಕೋಲು: ಟೆಂಕಾರಾ ಯುಎಸ್‌ಎ ಕಂಪನಿಯ ಬೆಳವಣಿಗೆ ಮತ್ತು ಪ್ರಯಾಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿನ ಬೆಟ್ಟದ ತೊರೆಗಳಲ್ಲಿ ಬೆಳೆದ ಟೆಂಕಾರಾ ಎಂಬ ಮೀನು ಹಿಡಿಯುವ ಪದ್ಧತಿಯನ್ನು, ಅಂದರೆ ಒಂದು ಬಗೆಯ ಫ್ಲೈ ಫಿಶಿಂಗನ್ನು, ಅಮೆರಿಕಕ್ಕೆ ತಂದ ಟೆಂಕಾರಾ ಯುಎಸ್‌ಎ ಎಂಬ ಸಣ್ಣ ಕಂಪನಿಯ ಮಾತು ಬಂದಾಗಲೆಲ್ಲ ಗೆಳೆಯರು ಕೇಳುವ, ಓದುಗರು ಪತ್ರ ಬರೆದು ವಿಚಾರಿಸುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಗಾಳವನ್ನೇ ಹಿಡಿಯದವರ ಪ್ರಶ್ನೆಗಳು ಮೊದಲು ಬರುತ್ತವೆ. ವ್ಯಾಪಾರ, ಸಲಕರಣೆ ಮತ್ತು ನಮ್ಮ ನದಿಗಳ ವಿಚಾರ ಅನಂತರ. ಪ್ರತಿಯೊಂದು ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲ ಪರಿಚಯ

ಫ್ಲೈ ಫಿಶಿಂಗ್ ಅಂದರೆ ಏನು? ಎರೆಹುಳು ಸಿಕ್ಕಿಸಿ ಗಾಳ ಹಾಕುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಎರೆಹುಳು ಸಿಕ್ಕಿಸಿದ ಗಾಳದಲ್ಲಿ ಹುಳುವಿನದೋ ಸೀಸದ ಗುಂಡಿನದೋ ತೂಕವಿರುತ್ತದೆ. ಆ ತೂಕವೇ ದಾರವನ್ನು ನೀರಿಗೆ ಒಯ್ಯುತ್ತದೆ. ಫ್ಲೈ ಎಂದರೆ ಸಣ್ಣ ಕೊಕ್ಕೆಯ ಮೇಲೆ ನೂಲು ಮತ್ತು ಹಕ್ಕಿಯ ಗರಿಯನ್ನು ಸುತ್ತಿ, ನೀರಿನ ಹುಳಹುಪ್ಪಟೆಯ ರೂಪ ಬರುವಂತೆ ಕಟ್ಟಿದ ಗಾಳ. ಅದಕ್ಕೆ ತೂಕವೇ ಇಲ್ಲವೆನ್ನಬಹುದಾದ್ದರಿಂದ ಅದನ್ನು ಎಸೆಯಲು ಬರುವುದಿಲ್ಲ; ಎಸೆಯಬೇಕಾದದ್ದು ದಾರವನ್ನು, ಫ್ಲೈ ಅದರ ಬೆನ್ನು ಹಿಡಿದು ಹೋಗುತ್ತದೆ. ಕೋಲು ಎಷ್ಟು ಬಳುಕಬೇಕು, ದಾರ ಎಷ್ಟು ದಪ್ಪವಿರಬೇಕು, ತುದಿಯ ಎಳೆ ಎಷ್ಟು ತೆಳುವಾಗಿರಬೇಕು ಎಂಬ ಲೆಕ್ಕಾಚಾರವೆಲ್ಲ ಹುಟ್ಟುವುದು ಈ ಒಂದು ಸಂಗತಿಯಿಂದ.

ಟೆಂಕಾರಾದಲ್ಲಿ ದಾರ ಸುತ್ತುವ ರೀಲೇ ಇಲ್ಲವಂತೆ. ಹಾಗಾದರೆ ಮೀನನ್ನು ಎಳೆದುಕೊಳ್ಳುವುದು ಹೇಗೆ?

ಟೆಂಕಾರಾದಲ್ಲಿ ದಾರವನ್ನು ಕೋಲಿನ ತುದಿಗೆ ನೇರವಾಗಿ ಕಟ್ಟುತ್ತಾರೆ. ದಾರದ ಉದ್ದ ಸಾಮಾನ್ಯವಾಗಿ ಕೋಲಿನಷ್ಟೇ ಇದ್ದು, ಅದರ ಕೊನೆಗೆ ಸುಮಾರು ಒಂದು ಮೀಟರ್ ಟಿಪೆಟ್, ಅಂದರೆ ಕಣ್ಣಿಗೆ ಬೀಳದಷ್ಟು ತೆಳ್ಳಗಿನ ಎಳೆ, ಅದರ ತುದಿಗೆ ಫ್ಲೈ. ಮೀನು ಸಿಕ್ಕಾಗ ಅದರ ಜಗ್ಗಾಟವನ್ನು ಉದ್ದನೆಯ, ಮೆತ್ತನೆಯ ಕೋಲೇ ಬಾಗಿ ತಾಳಿಕೊಳ್ಳುತ್ತದೆ. ಮೀನು ದಣಿದ ಮೇಲೆ ಕೋಲನ್ನು ಹಿಂದಕ್ಕೆ ವಾಲಿಸಿ, ಎಡಗೈಯಿಂದ ದಾರವನ್ನು ಹಿಡಿದು ಹತ್ತಿರಕ್ಕೆ ತಂದುಕೊಂಡರಾಯಿತು. ಮಲೆನಾಡಿನ ಹಳ್ಳಗಳಲ್ಲಿ ಬಿದಿರಿನ ಕಡ್ಡಿಗೆ ದಾರ ಕಟ್ಟಿ ಮೀನು ಹಿಡಿದು ಬೆಳೆದವರಿಗೆ ಈ ವ್ಯವಸ್ಥೆಯನ್ನು ವಿವರಿಸಬೇಕಾಗಿಯೇ ಇಲ್ಲ. ಹುಳುವಿನ ಜಾಗದಲ್ಲಿ ಗರಿ ಬಂದಿದೆ, ಬಿದಿರಿನ ಜಾಗದಲ್ಲಿ ಕಾರ್ಬನ್ ಬಂದಿದೆ.

ಈ ಪದ್ಧತಿ ಯಾರದು? ಶ್ರೀಮಂತರ ಹವ್ಯಾಸವೇ?

ಅಲ್ಲ. ಜಪಾನಿನ ಬೆಟ್ಟದ ಹಳ್ಳಿಗಳಲ್ಲಿ ಮೀನು ಹಿಡಿದು ಮಾರಿ ಹೊಟ್ಟೆ ಹೊರೆಯುತ್ತಿದ್ದವರ ಪದ್ಧತಿ ಇದು. ಇವಾನಾ, ಯಾಮಾಮೆ, ಅಮಾಗೊ ಎಂಬ ತಣ್ಣೀರಿನ ಮೀನುಗಳನ್ನು ಹಿಡಿದು ಅವರು ಹತ್ತಿರದ ವಸತಿಗೃಹಗಳಿಗೆ ಕೊಡುತ್ತಿದ್ದರು. ಬಂಡೆಯಿಂದ ಬಂಡೆಗೆ ಹಾರುತ್ತ ತೊರೆಯ ಮೇಲಕ್ಕೆ ಏರುವವರಿಗೆ ಹಗುರವಾದ ಬಿದಿರಿನ ಕೋಲು, ಕುದುರೆಯ ಬಾಲದ ಕೂದಲಿನ ದಾರ ಮತ್ತು ಕೆಲವು ಫ್ಲೈಗಳಿಗಿಂತ ಹೆಚ್ಚಿನದನ್ನು ಹೊರುವುದು ಸಾಧ್ಯವಿರಲಿಲ್ಲ. ಟೆಂಕಾರಾದ ಸರಳತೆಗೆ ಈಚೆಗೆ ತತ್ವಜ್ಞಾನದ ಬಣ್ಣ ಬಳಿಯುವವರಿದ್ದಾರೆ. ಅದು ದುಡಿಮೆಯಿಂದ ಬಂದ ಸರಳತೆ ಎಂಬುದನ್ನು ಮರೆಯಬಾರದು.

ಟೆಂಕಾರಾ ಯುಎಸ್‌ಎ ಶುರು ಮಾಡಿದವರು ಯಾರು?

ಬ್ರೆಜಿಲ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಡೇನಿಯಲ್ ಗಲ್ಹಾರ್ಡೊ. ಫ್ಲೈ ಫಿಶಿಂಗ್ ಹವ್ಯಾಸವಿದ್ದ ಅವರು ಜಪಾನ್ ಪ್ರವಾಸದ ಹೊತ್ತಿನಲ್ಲಿ ಟೆಂಕಾರಾದ ಪರಿಚಯ ಮಾಡಿಕೊಂಡು, 2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಂಪನಿಯನ್ನು ಆರಂಭಿಸಿದರು. ಜಪಾನಿನ ಹೊರಗೆ ಟೆಂಕಾರಾಕ್ಕೇ ಮೀಸಲಾಗಿ ಹುಟ್ಟಿದ ಮೊದಲ ಕಂಪನಿ ಅದು. ಕೋಲುಗಳಿಗೆ ಇವಾನಾ, ಯಾಮಾಮೆ, ಆಯು ಎಂದು ಜಪಾನಿನ ಮೀನುಗಳ ಹೆಸರನ್ನೇ ಇಟ್ಟರು. ಮುಂದೆ ಕಂಪನಿಯ ನೆಲೆ ಕೊಲರಾಡೊದ ಬೌಲ್ಡರ್‌ಗೆ ಸ್ಥಳಾಂತರಗೊಂಡಿತು.

## ಕಂಪನಿ ಬೆಳೆದ ಬಗೆ

2009ರಲ್ಲಿ ಅಮೆರಿಕದಲ್ಲಿ ಆರ್ಥಿಕ ಹಿಂಜರಿತ ಇತ್ತಲ್ಲ, ಅಂಥ ಹೊತ್ತಿನಲ್ಲಿ ಹವ್ಯಾಸದ ಸಾಮಾನು ಮಾರುವ ಕಂಪನಿ ಉಳಿದದ್ದು ಹೇಗೆ?

ಹಿಂಜರಿತವೇ ಅದಕ್ಕೆ ಒಂದು ರೀತಿಯಲ್ಲಿ ಅನುಕೂಲವಾಯಿತು ಎಂಬುದು ನನ್ನ ಎಣಿಕೆ. ಅಮೆರಿಕದ ಫ್ಲೈ ಫಿಶಿಂಗ್ ಉದ್ಯಮ ಹಳೆಯದು. ವರ್ಮಾಂಟ್‌ನ ಆರ್ವಿಸ್ ಕಂಪನಿ ಹುಟ್ಟಿದ್ದು 1856ರಲ್ಲಿ. ಒಂದೂವರೆ ಶತಮಾನದಲ್ಲಿ ಕೋಲು, ರೀಲ್, ಬಗೆಬಗೆಯ ಲೈನ್, ಪೆಟ್ಟಿಗೆಗಟ್ಟಲೆ ಫ್ಲೈ, ನೀರಿಗಿಳಿಯುವ ಉಡುಪು ಎಂದು ಸಲಕರಣೆಯ ಪಟ್ಟಿ ಉದ್ದವಾಗುತ್ತಲೇ ಹೋಗಿ, ಮೇಲ್ದರ್ಜೆಯ ಕೋಲೊಂದಕ್ಕೇ ಏಳುನೂರು ಡಾಲರ್ ತೆರುವುದು ಸಾಮಾನ್ಯವಾಗಿತ್ತು. ಅಂಥ ಮಾರುಕಟ್ಟೆಗೆ ಇನ್ನೂರು ಡಾಲರಿಗಿಂತ ಕಡಿಮೆ ಬೆಲೆಯ, ರೀಲ್ ಬೇಡದ, ಮಡಚಿದರೆ ಅರ್ಧ ಮೀಟರಿನಷ್ಟಾಗಿ ಬೆನ್ನುಚೀಲದೊಳಗೆ ಸೇರುವ ಕೋಲು ಬಂದಾಗ ಅದನ್ನು ಕೊಂಡವರಲ್ಲಿ ಚಾರಣಿಗರೂ ಸೈಕಲ್ ಪ್ರವಾಸಿಗರೂ ಇದ್ದರು. ಅವರಲ್ಲಿ ಅನೇಕರು ಅದಕ್ಕೆ ಮುಂಚೆ ಫ್ಲೈ ಫಿಶಿಂಗ್ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ. ಇದ್ದ ಗಿರಾಕಿಗಳನ್ನು ದೊಡ್ಡ ಕಂಪನಿಗಳಿಂದ ಸೆಳೆದುಕೊಳ್ಳುವ ಕಷ್ಟ ಹೀಗೆ ತಪ್ಪಿತು. ಮಾರಾಟ ಮುಖ್ಯವಾಗಿ ಅಂತರ್ಜಾಲದ ಮೂಲಕ ನೇರವಾಗಿಯೇ ನಡೆದದ್ದರಿಂದ ಪ್ರಶ್ನೆ ಕೇಳುವ ಗಿರಾಕಿಗೂ ಕೋಲು ರೂಪಿಸಿದವನಿಗೂ ನಡುವೆ ಮಧ್ಯವರ್ತಿ ಇರಲಿಲ್ಲ.

2011ನೇ ಇಸವಿಗೆ ಇಷ್ಟೊಂದು ಮಹತ್ವ ಯಾಕೆ ಕೊಡುತ್ತೀರಿ? ಜಪಾನಿಗೆ ಹೋಗಿ ಅವರು ಮಾಡಿದ್ದಾದರೂ ಏನು?

ಮಾರಾಟ ಏರುತ್ತಿರುವ ಸಣ್ಣ ಕಂಪನಿಯ ಯಜಮಾನ ಗೋದಾಮು ಬಿಟ್ಟು ಕದಲುವುದಿಲ್ಲ. ಗಲ್ಹಾರ್ಡೊ ಅಂಥ ಕಾಲದಲ್ಲೇ, 2011ರಲ್ಲಿ, ಜಪಾನಿನ ಗಿಫು ಪ್ರಾಂತ್ಯದ ಮಾಝೆ ಎಂಬ ಬೆಟ್ಟದ ಹಳ್ಳಿಯಲ್ಲಿ ಸುಮಾರು ಎರಡು ತಿಂಗಳು ನೆಲೆಸಿದರು. ಕೋಲು ತಯಾರಿಸುವ ಕಾರ್ಖಾನೆಯ ಜೊತೆ ಮಾತುಕತೆ ನಡೆಸಲು ಇಷ್ಟು ದಿನ ಬೇಕಿಲ್ಲ. ಅವರು ಹೋದದ್ದು ಕಲಿಯಲು. ಮಾಝೆ ನದಿಯ ಉದ್ದಕ್ಕೂ ಟೆಂಕಾರಾ ಕೋಲು ಹಿಡಿದ ಹಿರಿಯ ಕತ್ಸುತೊಶಿ ಅಮಾನೊ ಅಂಥವರ ಜೊತೆ ನೀರಿಗಿಳಿದು, ಅವರು ಎಲ್ಲಿ ನಿಲ್ಲುತ್ತಾರೆ, ಫ್ಲೈಯನ್ನು ಎಷ್ಟು ಹೊತ್ತು ಒಂದೆಡೆ ಬಿಡುತ್ತಾರೆ, ಯಾವ ನೀರನ್ನು ಮುಟ್ಟದೆ ದಾಟಿಹೋಗುತ್ತಾರೆ ಎಂಬುದನ್ನು ನೋಡಿ ಕಲಿತರು. ಕಸುಬಿನ ಈ ಸೂಕ್ಷ್ಮಗಳು ಬಹುಪಾಲು ಬಾಯಿಮಾತು ಮತ್ತು ಕೈಚಳಕದ ರೂಪದಲ್ಲೇ ಉಳಿದಿದ್ದವು, ಇಂಗ್ಲಿಷಿನಲ್ಲಂತೂ ದೊರೆಯುತ್ತಲೇ ಇರಲಿಲ್ಲ.

ಅದೇ ವರ್ಷ ಮೊಂಟಾನಾದ ವೆಸ್ಟ್ ಯೆಲ್ಲೊಸ್ಟೋನ್ ಪಟ್ಟಣದಲ್ಲಿ ಕಂಪನಿ ಮೊದಲ ಟೆಂಕಾರಾ ಸಮಾವೇಶವನ್ನು ಏರ್ಪಡಿಸಿತು. ಹೀಗೆ ಒಂದೇ ವರ್ಷದಲ್ಲಿ ಮೂಲದ ಕಡೆಗೊಂದು ಪ್ರಯಾಣ, ಗಿರಾಕಿಗಳ ಕಡೆಗೊಂದು ಪ್ರಯಾಣ ನಡೆದವು. ಬೆಳವಣಿಗೆ ಮತ್ತು ಓಡಾಟ ಎರಡನ್ನೂ ಒಟ್ಟಿಗೆ ನೋಡಬಯಸುವವರು ಈ ವರ್ಷವನ್ನೇ ನೋಡಬೇಕು ಎಂದು ನಾನು ಹೇಳುವುದು ಇದಕ್ಕಾಗಿ: ಕಲಿತು ಬಂದದ್ದನ್ನು ಕಲಿಸುವುದೇ ಈ ಕಂಪನಿಯ ನಿಜವಾದ ವ್ಯಾಪಾರವಾಗಿತ್ತು, ಕೋಲು ಅದರ ಜೊತೆಗೆ ಬಂದ ಸರಕು.

ಡಾ. ಇಶಿಗಾಕಿ ಎಂಬ ಹೆಸರು ಪದೇ ಪದೇ ಕೇಳಿಬರುತ್ತದೆ. ಅವರಿಗೂ ಕಂಪನಿಗೂ ಏನು ಸಂಬಂಧ?

ಹಿಸಾವೊ ಇಶಿಗಾಕಿ ಜಪಾನಿನಲ್ಲಿ ಟೆಂಕಾರಾದ ಅತ್ಯಂತ ಪರಿಚಿತ ಬೋಧಕರಲ್ಲೊಬ್ಬರು. ವೃತ್ತಿಯಲ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದವರು, ಕ್ರೀಡಾಪಟುಗಳ ದೃಷ್ಟಿಸಾಮರ್ಥ್ಯ ಅವರ ಅಧ್ಯಯನದ ಕ್ಷೇತ್ರ. 2009ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಕ್ಯಾಟ್ಸ್‌ಕಿಲ್ ಫ್ಲೈ ಫಿಶಿಂಗ್ ಕೇಂದ್ರ ಮತ್ತು ವಸ್ತುಸಂಗ್ರಹಾಲಯಕ್ಕೆ ಬಂದು ಟೆಂಕಾರಾವನ್ನು ತೋರಿಸಿದರು. ಕ್ಯಾಟ್ಸ್‌ಕಿಲ್ ತೊರೆಗಳು ಅಮೆರಿಕದ ಫ್ಲೈ ಫಿಶಿಂಗ್‌ನ ತವರು ಎನಿಸಿದವು; ಹೊಸ ಪದ್ಧತಿಯೊಂದು ಅಲ್ಲಿಂದ ಪರಿಚಯವಾದದ್ದಕ್ಕೆ ತನ್ನದೇ ತೂಕವಿತ್ತು. ಗಲ್ಹಾರ್ಡೊ ಇಶಿಗಾಕಿಯವರನ್ನು ಗುರುವಾಗಿ ಸ್ವೀಕರಿಸಿದರು, ಮುಂದಿನ ವರ್ಷಗಳಲ್ಲಿ ಇಶಿಗಾಕಿ ಸಮಾವೇಶಗಳಿಗೂ ಬಂದು ಕಲಿಸಿದರು.

ಒಂದೇ ಬಗೆಯ ಫ್ಲೈ ಸಾಕು ಎಂದು ಹೇಳಿಕೊಡುವ ಕಂಪನಿಯ ಅಂಗಡಿ ನಡೆಯುವುದು ಹೇಗೆ?

ಇಶಿಗಾಕಿ ಎಲ್ಲ ಕಾಲಕ್ಕೂ ಎಲ್ಲ ತೊರೆಗೂ ಒಂದೇ ವಿನ್ಯಾಸದ ಫ್ಲೈ ಬಳಸುವುದಕ್ಕೆ ಹೆಸರಾದವರು. ಅದಕ್ಕೆ ಬೇಕಾದದ್ದು ಕೊಕ್ಕೆ, ನೂಲು ಮತ್ತು ಹುಂಜದ ಕತ್ತಿನ ಗರಿ, ಅಷ್ಟೇ. ಪಾಶ್ಚಾತ್ಯ ಫ್ಲೈ ಫಿಶಿಂಗ್‌ನಲ್ಲಿ ಆ ಹೊತ್ತಿಗೆ ನೀರಿನ ಮೇಲೆ ಯಾವ ಹುಳ ಹಾರುತ್ತಿದೆಯೋ ಅದನ್ನೇ ಹೋಲುವ ಫ್ಲೈಯನ್ನು ಆರಿಸುವುದು ಜಾಣತನದ ಲಕ್ಷಣ. ಟೆಂಕಾರಾದಲ್ಲಿ ಕಟ್ಟಿದ ಫ್ಲೈಯನ್ನು ಬಿಚ್ಚದೆ, ಅದು ನೀರಿನಲ್ಲಿ ಚಲಿಸುವ ರೀತಿಯನ್ನು ಬದಲಿಸುತ್ತಾರೆ. ಮುಂದಕ್ಕೆ ಬಾಗಿದ ಗರಿಯಿರುವ ಸಾಕಾಸಾ ಕೆಬಾರಿ ಎಂಬ ಫ್ಲೈಯನ್ನು ಮೆಲ್ಲಗೆ ಮಿಡಿದರೆ ಗರಿ ತೆರೆದು ಮುಚ್ಚಿ ಜೀವ ಬಂದಂತಾಗುತ್ತದೆ.

ಲೆಕ್ಕದ ದೃಷ್ಟಿಯಿಂದ ಈ ಬೋಧನೆ ನಷ್ಟದ್ದೇ ಸರಿ, ಏಕೆಂದರೆ ಫ್ಲೈ ಅಂಗಡಿಗಳಿಗೆ ಮತ್ತೆ ಮತ್ತೆ ಮಾರಾಟ ತರುವುದು ಇಂಥ ಚಿಲ್ಲರೆ ಸಾಮಾನುಗಳೇ. ಟೆಂಕಾರಾ ಯುಎಸ್‌ಎ ಬೆರಳೆಣಿಕೆಯಷ್ಟು ಬಗೆಯ ಫ್ಲೈಗಳಿಗೇ ತನ್ನನ್ನು ಸೀಮಿತಗೊಳಿಸಿಕೊಂಡಿತು. ಹಾಗೆ ಕಳೆದುಕೊಂಡ ಆದಾಯಕ್ಕೆ ಬದಲಾಗಿ ಅದು ಗಳಿಸಿದ್ದು ಗಿರಾಕಿಯ ನಂಬಿಕೆ. ನಿನಗೆ ಇದು ಬೇಡ ಎಂದು ಒಮ್ಮೆ ಹೇಳಿದ ಅಂಗಡಿಯವನು ಇನ್ನೊಂದನ್ನು ಬೇಕು ಎಂದಾಗ ಜನ ನಂಬುತ್ತಾರೆ.

ಸಮಾವೇಶಗಳಿಂದ ಮಾರಾಟ ಹೆಚ್ಚಾಯಿತೇ? ಅಷ್ಟು ಖರ್ಚು ಬೇಕಿತ್ತೇ?

ವೆಸ್ಟ್ ಯೆಲ್ಲೊಸ್ಟೋನ್ ನಂತರ 2012ರಲ್ಲಿ ಯೂಟಾದ ಸಾಲ್ಟ್ ಲೇಕ್ ಸಿಟಿ, 2013ರಲ್ಲಿ ವರ್ಜೀನಿಯಾದ ಹ್ಯಾರಿಸನ್‌ಬರ್ಗ್, 2014ರಲ್ಲಿ ಬೌಲ್ಡರ್ ಹೀಗೆ ಸಮಾವೇಶ ಊರೂರು ಸುತ್ತಿತು. ಜನ ಅಲ್ಲಿ ದಾರ ಎಸೆಯುವುದನ್ನೂ ಫ್ಲೈ ಕಟ್ಟುವುದನ್ನೂ ಕಣ್ಣೆದುರು ನೋಡಿದರು, ಹತ್ತಿರದ ತೊರೆಗಳಲ್ಲಿ ಅಭ್ಯಾಸ ಮಾಡಿದರು. ಎಲ್ಲಕ್ಕಿಂತ ಮುಖ್ಯವಾಗಿ, ತಮ್ಮ ಊರಿನಲ್ಲಿ ಒಬ್ಬೊಬ್ಬರೇ ಈ ವಿಚಿತ್ರ ಕೋಲನ್ನು ಹಿಡಿದು ಓಡಾಡುತ್ತಿದ್ದವರು ಪರಸ್ಪರ ಪರಿಚಯವಾದರು. ಜಾಹೀರಾತಿಗೆ ಸುರಿಯುವ ಹಣಕ್ಕಿಂತ ಇದು ಉತ್ತಮ ವಿನಿಯೋಗ ಎಂದೇ ನನ್ನ ದೃಢವಾದ ಅಭಿಪ್ರಾಯ.

ಜಪಾನಿನ ಕಲೆಯನ್ನು ಅಮೆರಿಕದವರು ತೆಗೆದುಕೊಂಡು ಹೋಗಿ ಮಾರಿದ್ದು ಸರಿಯೇ?

ಈ ಪ್ರಶ್ನೆಯನ್ನು ಬದಿಗೆ ಸರಿಸಬಾರದು. ಕೋಲುಗಳು ಜಪಾನಿನಲ್ಲಿ ತಯಾರಾದವಲ್ಲ, ಚೀನಾದಲ್ಲಿ ತಯಾರಾದವು. ಜಪಾನಿನಲ್ಲಿ ನಿಸ್ಸಿನ್, ದೈವಾ, ಶಿಮಾನೊ ಮೊದಲಾದ ಕಂಪನಿಗಳು ಟೆಂಕಾರಾ ಕೋಲುಗಳನ್ನು ಮಾಡುತ್ತಲೇ ಬಂದಿದ್ದವು. ಆದ್ದರಿಂದ ಲಾಭದ ಪಾಲು ಮೂಲದವರಿಗೆ ಹೋಗಲಿಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ. ಇನ್ನೊಂದು ಕಡೆಯಿಂದ ನೋಡಿದರೆ, ಕಲಿಸಿದವರ ಹೆಸರನ್ನು ಕಂಪನಿ ಎಲ್ಲಿಯೂ ಮರೆಮಾಚಲಿಲ್ಲ. ಗುರುಗಳನ್ನು ವೇದಿಕೆಗೆ ಕರೆಸಿತು, ಅವರ ಮಾತುಗಳನ್ನು ಇಂಗ್ಲಿಷಿನಲ್ಲಿ ದೊರೆಯುವಂತೆ ಮಾಡಿತು. ಕಲೆಯೊಂದು ತವರಿನಲ್ಲೇ ಕೆಲವೇ ಜನರ ಕೈಯಲ್ಲಿ ಉಳಿದಿರುವಾಗ ಹೊರಗಿನವರ ಶ್ರದ್ಧೆ ಅದಕ್ಕೆ ಆಸರೆಯಾಗಬಲ್ಲದು. ನಾನು ಒಟ್ಟಾರೆ ಕಂಪನಿಯ ಪರವಾಗಿಯೇ ನಿಲ್ಲುತ್ತೇನೆ, ಮೊದಲು ಹೇಳಿದ ಆಕ್ಷೇಪವನ್ನು ಅಳಿಸದೆ.

ಆಮೇಲೆ ದೊಡ್ಡ ಕಂಪನಿಗಳು ಸುಮ್ಮನಿದ್ದವೇ?

ಇಲ್ಲ. ಹೊರಾಂಗಣ ಉಡುಪಿನ ಪ್ಯಾಟಗೋನಿಯಾ ಕಂಪನಿಯ ಸ್ಥಾಪಕ ಇವೊನ್ ಶುಯಿನಾರ್ಡ್ ಸರಳ ಫ್ಲೈ ಫಿಶಿಂಗ್‌ನ ಬಹಿರಂಗ ಪ್ರಚಾರಕರಾದರು, ಅವರ ಕಂಪನಿ 2014ರ ಹೊತ್ತಿಗೆ ಟೆಂಪಲ್ ಫೋರ್ಕ್ ಸಂಸ್ಥೆಯ ಕೋಲಿನೊಂದಿಗೆ ಟೆಂಕಾರಾ ಕಿಟ್ ಮಾರಿತು. ಅಗ್ಗದ ಕೋಲು ಮಾರುವ ಹಲವು ಸಣ್ಣ ಕಂಪನಿಗಳೂ ಹುಟ್ಟಿಕೊಂಡವು.

## ಸಲಕರಣೆ, ಹತ್ತಿರದಿಂದ

ಕೋಲಿನ ಮೇಲೆ 5:5, 6:4, 7:3 ಎಂದು ಬರೆದಿರುತ್ತದೆ. ಯಾವುದನ್ನು ತೆಗೆದುಕೊಳ್ಳಲಿ?

ಕೋಲನ್ನು ಹತ್ತು ಪಾಲು ಮಾಡಿದರೆ ಬುಡದ ಕಡೆ ಎಷ್ಟು ಪಾಲು ಬಿಗಿ, ತುದಿಯ ಕಡೆ ಎಷ್ಟು ಪಾಲು ಮೆತ್ತಗೆ ಎಂಬುದನ್ನು ಈ ಅಂಕಿ ಹೇಳುತ್ತದೆ. 5:5 ಕೋಲು ನಡುವಿನವರೆಗೂ ಬಳುಕುತ್ತದೆ, ನಿಧಾನವಾಗಿ ಎಸೆಯಬೇಕು, ಚಿಕ್ಕ ಮೀನೂ ಅದರಲ್ಲಿ ದೊಡ್ಡದೆನಿಸುತ್ತದೆ. 7:3 ಕೋಲಿನ ತುದಿ ಮಾತ್ರ ಬಾಗುವುದರಿಂದ ಅದು ಚುರುಕು. ಒಂದು ಕಂಪನಿಯ 6:4 ಇನ್ನೊಂದು ಕಂಪನಿಯ 6:4ಕ್ಕೆ ಸಮನಾಗಿರಬೇಕೆಂದಿಲ್ಲ. ಮೊದಲ ಕೋಲಾಗಿ ಸುಮಾರು 3.6 ಮೀಟರ್ ಉದ್ದದ 6:4 ಕೋಲು ಹೆಚ್ಚಿನವರಿಗೆ ಹೊಂದುತ್ತದೆ. ಮರಗಳು ಬಾಗಿ ಮುಚ್ಚಿದ ತೊರೆಯಾದರೆ ಇನ್ನೂ ಗಿಡ್ಡದು ಬೇಕಾದೀತು.

ಯಾವ ದಾರ ಒಳ್ಳೆಯದು, ಹೊಸೆದದ್ದೋ ಒಂಟಿ ಎಳೆಯದೋ?

ಹೊಸೆದು ತುದಿಯತ್ತ ಸಪೂರಗೊಳಿಸಿದ ದಾರವನ್ನು ಹೊಸಬರು ಸುಲಭವಾಗಿ ಎಸೆಯಬಹುದು. ಫ್ಲೂರೊಕಾರ್ಬನ್‌ನ ಒಂಟಿ ಎಳೆ, ಅಂದರೆ ಲೆವೆಲ್ ಲೈನ್, ನೈಲಾನಿಗಿಂತ ಸಾಂದ್ರವಾದ್ದರಿಂದ ತೆಳುವಾಗಿದ್ದೂ ಗಾಳಿಯನ್ನು ಸೀಳಿ ಹೋಗುತ್ತದೆ, ಹೊಸೆದ ದಾರಕ್ಕಿಂತ ಹಗುರವಾದ್ದರಿಂದ ಜೋತುಬೀಳದೆ, ನೀರಿಗೆ ತಾಗದಂತೆ ಮೇಲೆಯೇ ನಿಲ್ಲುತ್ತದೆ. ದಾರ ನೀರನ್ನು ಮುಟ್ಟದಿದ್ದರೆ ಪ್ರವಾಹ ಅದನ್ನು ಎಳೆಯುವುದಿಲ್ಲ, ಫ್ಲೈ ಸಹಜವಾಗಿ ತೇಲುತ್ತದೆ. ಉದ್ದನೆಯ ಕೋಲಿನ ಪ್ರಯೋಜನವೇ ಇದು. 3.5ನೇ ಸಂಖ್ಯೆಯ ದಾರದಿಂದ ಆರಂಭಿಸಿ, ಟಿಪೆಟ್ ಮಾತ್ರ 5ಎಕ್ಸ್‌ಗಿಂತ ದಪ್ಪ ಬೇಡ (ಎಕ್ಸ್ ಮುಂದಿನ ಅಂಕಿ ಹೆಚ್ಚಿದಷ್ಟೂ ಎಳೆ ತೆಳು). ಕೊಕ್ಕೆ ಬಂಡೆಗೋ ಬೇರಿಗೋ ಸಿಕ್ಕಿದಾಗ ಮೊದಲು ತುಂಡಾಗಬೇಕಾದದ್ದು ಟಿಪೆಟ್, ಕೋಲಲ್ಲ.

ಕೋಲಿನ ಭಾಗಗಳು ಸಿಕ್ಕಿಹಾಕಿಕೊಳ್ಳುತ್ತವೆ, ತುದಿ ಮುರಿಯುತ್ತದೆ ಎನ್ನುತ್ತಾರೆ. ಇದು ಕಂಪನಿಯ ದೋಷವೇ?

ಬಹುಮಟ್ಟಿಗೆ ಬಳಸುವ ರೀತಿಯಿಂದ ಆಗುವ ತೊಂದರೆ. ಪಾವು, ಅಚ್ಚೇರು, ಸೇರುಗಳು ಒಂದರೊಳಗೊಂದು ಕೂರುವಂತೆ ಕೋಲಿನ ಟೊಳ್ಳು ಭಾಗಗಳು ಕೂರುತ್ತವೆ. ತೆರೆದಾಗ ಅವನ್ನು ಹಿಡಿದಿಡುವುದು ಬರೀ ಘರ್ಷಣೆ. ತುದಿಯಲ್ಲಿ ಲಿಲಿಯನ್ ಎಂಬ ಪುಟ್ಟ ಹೆಣೆದ ದಾರವನ್ನು ಅಂಟಿಸಿರುತ್ತಾರೆ. ಕೋಲು ಮುಚ್ಚಿರುವಾಗಲೇ, ಲಿಲಿಯನ್ ಮಾತ್ರ ಹೊರಗೆ ಕಾಣುವಂತೆ ಹಿಡಿದು ಅದಕ್ಕೆ ದಾರ ಕಟ್ಟಬೇಕು. ಪೆನ್ಸಿಲ್ ಸೀಸಕ್ಕಿಂತಲೂ ಸಪೂರವಾದ ತುದಿಯನ್ನು ಬೆತ್ತಲೆ ಬಿಟ್ಟು ಗಂಟು ಹಾಕಹೊರಟರೆ ಅದು ಬೆರಳಿನಲ್ಲೇ ಮುರಿಯುತ್ತದೆ. ತೆರೆಯುವಾಗ ತುದಿಯ ಭಾಗದಿಂದ ಆರಂಭಿಸಿ, ಮುಚ್ಚುವಾಗ ಹಿಡಿಕೆಯ ಹತ್ತಿರದ ದಪ್ಪ ಭಾಗದಿಂದ. ಮುಚ್ಚುವಾಗ ಎರಡೂ ಕೈಗಳನ್ನು ಹತ್ತಿರವಿಟ್ಟು ನೇರವಾಗಿ ಒತ್ತಬೇಕು, ಅಡ್ಡಕ್ಕೆ ಒತ್ತಡ ಬೀಳಬಾರದು. ಬಿಗಿಯಾಗಿ ಸಿಕ್ಕಿಕೊಂಡಿದ್ದರೆ ರಬ್ಬರ್ ತುಂಡಿನಿಂದ ಎರಡೂ ಭಾಗಗಳನ್ನು ಹಿಡಿದು ಒತ್ತಿದರೆ ಸಾಮಾನ್ಯವಾಗಿ ಸಡಿಲಗೊಳ್ಳುತ್ತದೆ. ಮನೆಗೆ ಬಂದ ಮೇಲೆ ಬುಡದ ತಿರುಪು ಮುಚ್ಚಳ ಬಿಚ್ಚಿ, ಭಾಗಗಳನ್ನು ಹೊರತೆಗೆದು ಒರೆಸಿ ಒಣಗಿಸಿ. ಒಳಗೆ ಉಳಿದ ತೇವ ಮತ್ತು ಮರಳಿನಿಂದಲೇ ಮುಂದಿನ ಸಲದ ತೊಂದರೆ ಹುಟ್ಟುವುದು.

ಇಲ್ಲಿ ಕಂಪನಿಯ ಒಂದು ಒಳ್ಳೆಯ ನಿರ್ಧಾರವನ್ನು ಹೇಳಬೇಕು. ಒಂದು ಭಾಗ ಮುರಿದರೆ ಆ ಭಾಗವನ್ನಷ್ಟೇ ಬಿಡಿಯಾಗಿ ಕೊಳ್ಳುವ ಅವಕಾಶವನ್ನು ಅದು ಕೊಟ್ಟಿತು. ಕೋಲಿನ ರಚನೆ ಹಾಗಿರುವುದರಿಂದ ಗಿರಾಕಿ ಅದನ್ನು ತಾನೇ ಮನೆಯಲ್ಲಿ ಬದಲಿಸಿಕೊಳ್ಳಬಹುದು.

## ನಮ್ಮ ನದಿಗಳು, ನಮ್ಮ ಜನ

ಟೆಂಕಾರಾ ಕೋಲಿನಿಂದ ಕಾವೇರಿಯ ಮಹಸೀರ್ ಹಿಡಿಯಬಹುದೇ?

ಬೇಡ, ಎರಡು ಕಾರಣಗಳಿಗೆ. ಮೈಸೂರಿನ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಸೀರ್ 120 ಪೌಂಡ್, ಅಂದರೆ 54 ಕಿಲೊ ತೂಗಿತ್ತು; ಟೆಂಕಾರಾದ ಟಿಪೆಟ್ ಎರಡು ಕಿಲೊ ಆಸುಪಾಸಿನ ಎಳೆತಕ್ಕೆ ತುಂಡಾಗುತ್ತದೆ. ಓಡುವ ಮೀನಿಗೆ ದಾರ ಬಿಡಲು ರೀಲ್ ಕೂಡ ಇಲ್ಲ.

ಎರಡನೆಯ ಕಾರಣ ಇನ್ನೂ ದೊಡ್ಡದು. ಕಾವೇರಿಯ ಡುಬ್ಬದ ಮಹಸೀರ್ ಅಳಿವಿನ ಅಂಚಿಗೆ ಬಂದು ನಿಂತಿದೆ. ವಿಜ್ಞಾನಿಗಳು ಅದನ್ನು ಟೋರ್ ರೆಮಾದೇವಿ ಎಂದು ಖಚಿತವಾಗಿ ಗುರುತಿಸಿದ್ದೇ 2018ರಲ್ಲಿ, ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿತು. ಸಂರಕ್ಷಣೆಯ ಹೆಸರಿನಲ್ಲಿ ಹೊರಗಿನ ಮರಿಕೇಂದ್ರದಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಸೀರ್ ಅದರ ಜಾಗವನ್ನು ಆಕ್ರಮಿಸಿತು ಎಂಬುದು ನೋವಿನ ಸಂಗತಿ. ಇದು ತಿಳಿದುಬಂದದ್ದು ಕಾವೇರಿ ದಡದ ಗಾಲಿಬೊರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಮೀನು ಹಿಡಿದು ಮರಳಿ ಬಿಟ್ಟವರು ಬರೆದಿಟ್ಟ ದಾಖಲೆಗಳಿಂದ. ಕಾವೇರಿ ವನ್ಯಜೀವಿ ಧಾಮದೊಳಗೆ ಈಗ ಆ ಕ್ರೀಡೆಗೆ ಅವಕಾಶವಿಲ್ಲ. ಶೃಂಗೇರಿ, ಶಿಶಿಲದಂಥ ದೇವರ ಮೀನುಗಳ ಮಡುಗಳ ಬಳಿ ಗಾಳದ ಯೋಚನೆಯೂ ಸಲ್ಲದು.

ಹಾಗಾದರೆ ಭಾರತದಲ್ಲಿ ಈ ಕೋಲಿಗೆ ಕೆಲಸವೇ ಇಲ್ಲವೇ?

ಇದೆ. ಹಿಮಾಚಲದ ತೀರ್ಥನ್ ನದಿಯಂಥ, ಟ್ರೌಟ್ ಎಂಬ ತಣ್ಣೀರಿನ ಮೀನಿರುವ ತೊರೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ರಾಜ್ಯದ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು, ಮೊಟ್ಟೆಯಿಡುವ ಚಳಿಗಾಲದಲ್ಲಿ ನಿಷೇಧವಿರುತ್ತದೆ. ನಮ್ಮ ಕಡೆ ಖಾಸಗಿ ಕೆರೆ, ಕೃಷಿಹೊಂಡಗಳಲ್ಲಿ ಮಾಲೀಕರ ಒಪ್ಪಿಗೆ ಪಡೆದು ಸಣ್ಣ ಮೀನುಗಳಿಗೆ ಬಳಸಬಹುದು. ಪಶ್ಚಿಮಘಟ್ಟದ ತೊರೆಗಳಿಗೆ ಇಳಿಯುವ ಮುನ್ನ ಆ ಜಾಗ ಅಭಯಾರಣ್ಯಕ್ಕೋ ಮೀಸಲು ಅರಣ್ಯಕ್ಕೋ ಸೇರಿದೆಯೇ ಎಂದು ವಿಚಾರಿಸಲೇಬೇಕು.

ನಾನು ಬೇ ಏರಿಯಾದಲ್ಲಿರುವ ಕನ್ನಡಿಗ. ಈ ವಾರಾಂತ್ಯವೇ ಶುರು ಮಾಡಬೇಕೆಂದರೆ?

ಕಂಪನಿ ಹುಟ್ಟಿದ ಊರಿನ ನೆರೆಯಲ್ಲೇ ಇದ್ದೀರಿ; ಸಿಯೆರಾ ನೆವಾಡಾದ ಟ್ರೌಟ್ ತೊರೆಗಳು ಕೆಲವೇ ಗಂಟೆಗಳ ದಾರಿ. ಕ್ಯಾಲಿಫೋರ್ನಿಯಾದಲ್ಲಿ 16 ವರ್ಷ ತುಂಬಿದವರೆಲ್ಲರಿಗೂ ಮೀನು ಹಿಡಿಯಲು ಪರವಾನಗಿ ಕಡ್ಡಾಯ; ವಾರ್ಷಿಕ ಪರವಾನಗಿ ಈಗ ಕೊಂಡ ದಿನದಿಂದ 365 ದಿನ ಚಾಲ್ತಿಯಲ್ಲಿರುತ್ತದೆ. ತೊರೆತೊರೆಗೂ ನಿಯಮ ಬೇರೆ, ಹೋಗುವ ಮುನ್ನ ಓದಿಕೊಳ್ಳಿ. ಬೇಸಿಗೆಯ ಮಧ್ಯಾಹ್ನ ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ಕೋಲು ಮಡಚಿಡಿ. ಆ ನೀರಿನಲ್ಲಿ ಆಮ್ಲಜನಕ ಕಡಿಮೆ, ಹಿಡಿದು ಬಿಟ್ಟ ಟ್ರೌಟ್ ಚೇತರಿಸಿಕೊಳ್ಳುವುದು ಕಷ್ಟ. ಮುಳ್ಳಿಲ್ಲದ ಕೊಕ್ಕೆಯನ್ನೇ ಬಳಸಿ, ಮೀನನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ.

ಬೆಂಗಳೂರಿನಲ್ಲಿ ಇಂಥದೇ ಸಣ್ಣ ಸಲಕರಣೆ ಕಂಪನಿ ಶುರು ಮಾಡುವ ಯೋಚನೆ ಇದೆ. ಇವರಿಂದ ಏನನ್ನು ತೆಗೆದುಕೊಳ್ಳಬಹುದು?

ಮೊದಲನೆಯದಾಗಿ, ಸರಕು ತರಿಸುವ ಮೊದಲು ಬಲ್ಲವರ ಬಳಿ ಹೋಗಿ ಕಲಿಯುವುದಕ್ಕೆ ಹಣ ಮತ್ತು ಕಾಲ ತೆಗೆದಿಡಿ, ವ್ಯಾಪಾರ ಚೆನ್ನಾಗಿ ನಡೆಯತೊಡಗಿದ ಮೇಲೂ ಅದನ್ನು ನಿಲ್ಲಿಸಬೇಡಿ. ಮಲೆನಾಡು, ಕರಾವಳಿಯ ಹಿರಿಯ ಗಾಳಗಾರರಿಗೆ ನೀರಿನ ಬಗ್ಗೆ ಇರುವ ತಿಳಿವಳಿಕೆಯನ್ನು ಯಾರೂ ಇನ್ನೂ ಸರಿಯಾಗಿ ಬರೆದಿಟ್ಟಿಲ್ಲ. ಅವರ ಹೆಸರು ಹೇಳಿ, ಅವರಿಗೆ ಸಂಭಾವನೆ ಕೊಟ್ಟು ಕಲಿಯುವ ಕಂಪನಿಗೆ ಅದಕ್ಕಿಂತ ದೊಡ್ಡ ಬಂಡವಾಳ ಬೇಕಿಲ್ಲ. ಎಲ್ಲಿ ಮೀನು ಹಿಡಿಯಬಾರದು ಎಂಬ ಮಾಹಿತಿಯನ್ನು ಪ್ರತಿ ಕೋಲಿನ ಜೊತೆ ಕನ್ನಡದಲ್ಲೇ ಅಚ್ಚು ಹಾಕಿಸಿ ಕೊಡಿ. ಹೊರದೇಶದಿಂದ ಕೋಲು ತರಿಸುವುದಾದರೆ ಮೊದಲ ಖರೀದಿಯಲ್ಲೇ ತುದಿಯ ಎರಡು ಮೂರು ಭಾಗಗಳನ್ನು ಬಿಡಿಯಾಗಿ, ಸಾಕಷ್ಟು ಸಂಖ್ಯೆಯಲ್ಲಿ ತರಿಸಿಡಿ. ಹೊಸಬರು ಮುರಿದುಕೊಳ್ಳುವುದು ಅವನ್ನೇ, ಆ ಸಣ್ಣ ತುಂಡಿಗಾಗಿ ಅವರು ವಾರಗಟ್ಟಲೆ ಕಾಯುವಂತಾಗಬಾರದು.